ದೇವರ ದೊಡ್ಡಿಗೊಬ್ಬ ನಿದ್ದೆಗೇಡಿ

ಎಲ್ಲಾ ಶುರುವಾದದ್ದು ಬೀದಿ ನಲ್ಲಿಯ ಹತ್ತಿರ. ಕಾಮಯಗೌಂಡನ್‌ಪಟ್ಟಿಯಲ್ಲಿ ಸುದ್ದಿ ಹುಟ್ಟುವುದೇ ಅಲ್ಲಿ. ನೀರು ಬರುವುದು ತಡವಾದಷ್ಟೂ ಸುದ್ದಿ ದಪ್ಪಗಾಗುತ್ತದೆ. ಆವತ್ತು ಬೆಳಗ್ಗೆ ನೀರು ತುಂಬಾ ತಡವಾಗಿತ್ತು.

“ನಮ್ಮೋರು ನಿನ್ನೆ ರಾತ್ರೀನೂ ಕಣ್ಣು ಮುಚ್ಚಲಿಲ್ಲ ಅತ್ತೆ,” ಎಂದಳು ನಾಗಮ್ಮಾಳ್, ಕೊಡವನ್ನು ಸಾಲಿಗಿಡುತ್ತ.

ಪಕ್ಕದ ಮನೆಯ ತಂಗಮ್ಮಾಳ್‌ಗೆ ಇದು ಹಳೇ ಕತೆ. ಆದರೂ ಈಗಷ್ಟೇ ಕೇಳಿದವಳಂತೆ ಗಲ್ಲಕ್ಕೆ ಕೈಯಿಟ್ಟಳು. “ಚಿಂತೆ ಇಲ್ಲದೋನಿಗೆ ಸಂತೇಲೂ ನಿದ್ದೆ ಅಂತಾರೆ. ನಿನ್ನ ಗಂಡಂಗೆ ಅಂಥಾ ಚಿಂತೆ ಏನವ್ವಾ? ತೋಟ ಐತೆ, ಮಗಳ ಮದುವೆ ಆಗೋಯ್ತು, ಕೈಕಾಲು ಗಟ್ಟಿ ಅವೆ.”

“ನಿದ್ದೆ ಬರಾಕಿಲ್ಲ ಅನ್ನೋದೇ ಚಿಂತೆ ಅತ್ತೆ.”

ಅದೇ ಹೊತ್ತಿಗೆ ಬೇವಿನ ಕಡ್ಡಿ ಕಚ್ಚಿಕೊಂಡು ಆ ದಾರಿಯಲ್ಲಿ ಹೋಗುತ್ತಿದ್ದ ಕಾಳಿಯಪ್ಪನ್ ಗಕ್ಕನೆ ನಿಂತರು. ಅವರು ಆ ಊರಿನ ಕನ್ನಡದವರ ಕೂಟಕ್ಕೆಲ್ಲ, ಅಂದರೆ ಕುಲಕ್ಕೆಲ್ಲ, ಹಿರಿಯರು. ಮದುವೆಯಾಗಲಿ ಸಾವಾಗಲಿ ಜಗಳವಾಗಲಿ, ಅವರು ಬಂದು ಕೂರದೆ ಮಾತು ಮುಗಿಯುವುದಿಲ್ಲ.

“ಎಷ್ಟು ದಿನದಿಂದ ನಿದ್ದೆ ಇಲ್ಲ ಅವನಿಗೆ?” ಎಂದು ಕೇಳಿದರು.

“ಎಂಟು ತಿಂಗಳಾಯ್ತು ಮಾಮಾ.”

“ರಾತ್ರಿಯಿಡೀ ಎಚ್ಚರವಾ?”

“ಕೋಳಿ ಕೂಗೋಗಂಟ.”

ಕಾಳಿಯಪ್ಪನ್ ಕಡ್ಡಿ ಬಿಸಾಕಿ, ಉಗುಳಿ, ಎರಡೂ ಕೈ ಎತ್ತಿ ಬೆಟ್ಟದ ಕಡೆಗೆ ಮುಗಿದರು. “ಸ್ವಾಮಿ ಕಣ್ಣು ಬಿಟ್ಟ,” ಎಂದು ಹೊರಟೇ ಹೋದರು. ಗಂಡನ ನಿದ್ದೆಗಾಗಿಯೇ ಮುಗಿದರು ಅಂದುಕೊಂಡ ನಾಗಮ್ಮಾಳ್‌ಗೆ ಕಣ್ಣು ತುಂಬಿ ಬಂತು. ಪಾಪ, ಅವಳಿಗೇನು ಗೊತ್ತು.

ಈ ನಾಗಮ್ಮಾಳ್ ಗಂಡ ಪಿಚ್ಚೈ ಇದ್ದಾನಲ್ಲ, ಅವನಷ್ಟು ಸಾಧು ಆ ಬೀದಿಯಲ್ಲೇ ಇಲ್ಲ. ಕೆರೆಯ ಕೆಳಗೆ ದ್ರಾಕ್ಷಿ ತೋಟ, ಬಾಯಲ್ಲಿ “ಆಗಲಿ” ಅನ್ನೋ ಒಂದೇ ಮಾತು. ಎಂಟು ತಿಂಗಳ ಹಿಂದೆ ಒಂದು ರಾತ್ರಿ ಯಾವ ಕಾರಣವೂ ಇಲ್ಲದೆ ಅವನಿಗೆ ನಿದ್ದೆ ತಪ್ಪಿತು. ಯಾರಿಗೆ ತಪ್ಪುವುದಿಲ್ಲ? ಬೇರೆಯವರಾಗಿದ್ದರೆ ಮರೆತುಬಿಡುತ್ತಿದ್ದರು. ಇವನು ಮಾರನೇ ದಿನ ಸಂಜೆಯಿಂದಲೇ “ಇವತ್ತೂ ತಪ್ಪಿದರೆ?” ಎಂದು ಕಾಯತೊಡಗಿದ. ಕಾಯುತ್ತಾ ಕೂತವನಿಗೆ ನಿದ್ದೆ ಎಲ್ಲಿಂದ ಬರಬೇಕು? ಅಲ್ಲಿಂದ ಶುರು. ಗಸಗಸೆ ಹಾಲು ಕುಡಿದ. ಅಂಗಾಲಿಗೆ ಹರಳೆಣ್ಣೆ ತಿಕ್ಕಿಸಿಕೊಂಡ. ಮಂಚವನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿದ. ಆ ಮನೆಯಲ್ಲಿ ಅಳಿಯನಿಗೂ ನಡೆಯದ ಉಪಚಾರ ನಿದ್ದೆಗೆ ನಡೆಯಿತು. ಅಳಿಯನಾದರೂ ವರ್ಷಕ್ಕೆರಡು ಸಲ ಬರುತ್ತಿದ್ದ, ಇದು ಬರಲಿಲ್ಲ.

ಕಡೆಗೆ ಮೊನ್ನೆ ಬಸ್ ಹತ್ತಿ ತೇನಿಗೆ ಹೋಗಿ ಡಾಕ್ಟರ್ ತೇನ್‌ಮೊಳಿ ಅವರ ಮುಂದೆ ಕೂತು ಅತ್ತುಬಿಟ್ಟಿದ್ದ. ಆಕೆ ಮಾತ್ರೆ ಬರೆಯಲಿಲ್ಲ. ತಮಿಳಿನಲ್ಲಿ ಆಕೆ ಹೇಳಿದ್ದನ್ನು ಪಿಚ್ಚೈ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮನೆಮಾತಾದ ಕನ್ನಡಕ್ಕೆ ತಿರುಗಿಸಿಕೊಂಡು, ಮರೆಯದ ಹಾಗೆ ಬಾಯಿಪಾಠ ಮಾಡಿಕೊಂಡು ಬಂದಿದ್ದ.

“ನಿದ್ದೆ ಹಿಂದೆ ಓಡಬೇಡ. ನಿದ್ದೆ ಬರದೇ ಇದ್ರೆ ಬರದೇ ಇರ್ಲಿ, ಪ್ರಾಣ ಹೋಗಾಕಿಲ್ಲ. ಹೆದರಿಕೆ ಬಂದ್ರೆ ಬೇಡದ ನೆಂಟ ಬಂದ ಅಂದ್ಕೊ. ಬಾಗಿಲು ಹಾಕಬೇಡ, ಜಗಳಾನೂ ಆಡಬೇಡ. ‘ಬಂದ್ಯಾ, ಕೂತ್ಕೊ’ ಅನ್ನು. ಕಾಪಿ ಮಾತ್ರ ಕೊಡಬೇಡ. ಬೇಜಾರಾಗಿ ತಾನೇ ಎದ್ದು ಹೋಗ್ತದೆ. ಹಗಲು ಮಲಗಬೇಡ. ರಾತ್ರಿಯನ್ನ ನಿದ್ದೆಗೇ ಬಿಟ್ಟುಬಿಡು, ಬೇರೆ ಯಾವ ಕೆಲಸಕ್ಕೂ ಕೊಡಬೇಡ.”

ಪಿಚ್ಚೈಗೆ ಈ ಕಡೆಯ ಮಾತು ಬಹಳ ಹಿಡಿಸಿತ್ತು. ಈವತ್ತು ಹಗಲೆಲ್ಲ ಎಚ್ಚರವಾಗಿದ್ದು, ರಾತ್ರಿ ಬಂದರೆ ಬರಲಿ ಬಿಟ್ಟರೆ ಬಿಡಲಿ ಎಂದು ಕೂತು ನೋಡುವುದು ಎಂದು ಗಟ್ಟಿಮನಸ್ಸು ಮಾಡಿಕೊಂಡು ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ. ಆಗ ಬಂದರು ಕಾಳಿಯಪ್ಪನ್.

“ಪಿಚ್ಚೈ, ಇವತ್ತು ಮಧ್ಯಾಹ್ನ ದೊಡ್ಡೀಲಿ ಕಬ್ಬು ಹಿಡಿಯೋದು ಐತೆ, ಗೊತ್ತಲ್ಲ?”

ಪಿಚ್ಚೈಗೆ ಗೊತ್ತಿತ್ತು. ಊರ ಅಂಚಿನಲ್ಲಿ ಅವರ ಕೂಟದ್ದೊಂದು ದೇವರ ದೊಡ್ಡಿ ಇದೆ. ಅಲ್ಲಿಯ ದನಗಳಿಗೆ ನೊಗ ಇಡುವಂತಿಲ್ಲ, ಹಾಲು ಮಾರುವಂತಿಲ್ಲ. ಅವುಗಳಿಗೆಲ್ಲ ಒಂದು ಪಟ್ಟದ ಹೋರಿ. ಅದರ ಮುಂದೆ ಒಂದು ದೀಪ. ದೀಪ ಹಚ್ಚಿದ ಹೊತ್ತಿನಿಂದ ಕೋಳಿ ಕೂಗುವವರೆಗೂ ಅದು ಆರದ ಹಾಗೆ ಒಬ್ಬ ದೊಡ್ಡಿಗಾರ ಕಣ್ಣು ಮುಚ್ಚದೆ ಕೂತಿರಬೇಕು. ಊರಲ್ಲಿ ಯಾವ ಮದುವೆಯಾದರೂ ಮೊದಲ ತಾಂಬೂಲ ಅವನಿಗೇ. ಮರ್ಯಾದೆ ಎಲ್ಲರಿಗೂ ಬೇಕು, ಜಾಗರಣೆ ಯಾರಿಗೂ ಬೇಡ. ಹಳೇ ದೊಡ್ಡಿಗಾರ ಮಾರಿಮುತ್ತು ಕಣ್ಣು ಮಂಜಾಗಿ ಒಡ್ಡನ್‌ಛತ್ರಂನ ಮಗಳ ಮನೆಗೆ ಹೋದ ಮೇಲೆ ಸರದಿಯ ಮೇಲೆ ಕೂತವರೆಲ್ಲ ಗೊರಕೆ ಹೊಡೆದು ದೀಪ ಆರಿಸಿದ್ದರು. ಈಗ ಮನೆಗೊಬ್ಬ ಗಂಡಸು ಕಬ್ಬು ಹಿಡಿದು ಕೂರಬೇಕು. ಹೋರಿ ಯಾರ ಕೈಯ ಕಬ್ಬಿಗೆ ಬಾಯಿ ಹಾಕುತ್ತದೋ ಅವನು ಮೂರು ವರ್ಷ ದೊಡ್ಡಿಗಾರ.

“ಹೋರಿ ಮನಸ್ಸು ಹೋರೀದು,” ಎಂದರು ಕಾಳಿಯಪ್ಪನ್. “ಆದ್ರೂ ನಿನ್ನನ್ನ ದೊಡ್ಡಿ ಬಾಗಿಲ ಎದುರಿಗೇ ಕೂರಿಸ್ತೀನಿ. ಎಂಟು ತಿಂಗಳಿಂದ ಸ್ವಾಮಿ ನಿನಗೆ ತಾಲೀಮು ಕೊಡ್ತಾ ಅವ್ನೆ. ನಾವು ಮಂಕುಗಳು, ಅರ್ಥ ಆಗಿರ್ಲಿಲ್ಲ.”

ಪಿಚ್ಚೈ ಕಾಫಿ ಲೋಟ ಕೆಳಗಿಟ್ಟ. ಮೂರು ವರ್ಷದ ರಾತ್ರಿಗಳೆಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದು ನಿಂತವು. ಹುಟ್ಟಿದಾಗಿನಿಂದ “ಆಗಲಿ” ಅನ್ನುತ್ತಿದ್ದ ಬಾಯಿಂದ ಮೊದಲ ಬಾರಿಗೆ ಬೇರೆ ಮಾತು ಬಂತು.

“ಇಲ್ಲ ದೊಡ್ಡಪ್ಪ, ನಂಗೀಗ ನಿದ್ದೆ ಬತ್ತದೆ.”

“ಯಾವಾಗಿಂದ?”

“ನಿನ್ನೆಯಿಂದ.”

“ನಿನ್ನ ಹೆಂಡ್ತಿ ನಲ್ಲಿ ಹತ್ರ ಬೇರೆ ಹೇಳಿದ್ಲಲ್ಲ.”

“ಅವಳು ಮಲಗಿದ್ಲು, ನಾನು ಮಲಗಿದ್ದು ಅವಳಿಗೇನು ಗೊತ್ತು?”

ಕಾಳಿಯಪ್ಪನ್ ಗಡ್ಡ ಕೆರೆದುಕೊಂಡರು. ಇಂಥ ಎಷ್ಟು ಪಂಚಾಯ್ತಿ ಮಾಡಿದವರು ಅವರು. “ಸರಿ. ನಿದ್ದೆ ಬರೋನಿಗೆ ಈ ಕೆಲಸ ಹಚ್ಚೋದು ಪಾಪ. ಇಲ್ಲೇ ಮಲಗಿ ತೋರ್ಸು. ಕಣ್ಣಾರೆ ನೋಡಿಬಿಟ್ರೆ ನಿನ್ನ ಹೆಸರೇ ಕೈಬಿಡ್ತೀನಿ.”

ಡಾಕ್ಟರಮ್ಮ ಹಗಲು ಮಲಗಬೇಡ ಅಂದಿದ್ದರು. ಮಲಗದಿದ್ದರೆ ಮೂರು ವರ್ಷ ರಾತ್ರಿ ಮಲಗುವಂತಿಲ್ಲ. ಪಿಚ್ಚೈ ಲೆಕ್ಕ ಹಾಕಿ ಟವೆಲ್ ಮಡಿಸಿ ತಲೆಗಿಟ್ಟು ಜಗಲಿಯ ಮೇಲೆ ಉದ್ದಕ್ಕೆ ಮಲಗಿದ.

ಪಿಚ್ಚೈ ನಿದ್ದೆ ಮಾಡ್ತಾನಂತೆ ಅನ್ನುವ ಸುದ್ದಿ ಕೇಳಿ ಬೀದಿಗೆ ಬೀದಿಯೇ ಬಂತು. ಕೂರಲು ಜಾಗ ಸಾಲದೆ ಕೆಲವರು ಎದುರು ಮನೆಯ ಜಗಲಿ ಹತ್ತಿದರು. ತಂಗಮ್ಮಾಳ್ ಬೀಸಣಿಗೆ ತಂದು ತಲೆ ಹತ್ತಿರ ಕೂತಳು. “ಯಾರೂ ಮಾತಾಡಬೇಡಿ, ನಿದ್ದೆ ಬರೋ ಹೊತ್ತು,” ಎಂದು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವಳು ಅವಳೇ. ಕಂಬಂನ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ನಾಗಮ್ಮಾಳ್ ತಮ್ಮ ಲೋಗೇಶ್‌ಗೆ ಆವತ್ತು ರಜೆ. ಅವನು ಭಾವನ ಕಿವಿಯ ಹತ್ತಿರ ಫೋನ್ ಇಟ್ಟ.

“ಮಚ್ಚಾನ್, ಇದರಲ್ಲಿ ಮಳೆ ಸದ್ದು ಐತೆ. ಊರೆಲ್ಲ ಇದನ್ನ ಕೇಳ್ಕೊಂಡೇ ಮಲಗೋದು.”

ಫೋನಿನಲ್ಲಿ ಮಳೆ ಜೋರಾಗಿ ಸುರಿಯಿತು. “ಅಯ್ಯೋ ನನ್ನ ಸಂಡಿಗೆ!” ಎಂದು ತಂಗಮ್ಮಾಳ್ ಬೀಸಣಿಗೆಯನ್ನು ಪಿಚ್ಚೈ ಮೂಗಿನ ಮೇಲೇ ಬಿಟ್ಟು ಮಾಳಿಗೆಗೆ ಓಡಿದಳು. ಉರಿಬಿಸಿಲಲ್ಲಿ ಒಣಗುತ್ತಿದ್ದ ಸಂಡಿಗೆಯನ್ನೆಲ್ಲ ಬಾಚಿಕೊಂಡು ಬಂದ ಮೇಲೆ ಅವಳಿಗೆ ವಿಷಯ ತಿಳಿಯಿತು. ಆಮೇಲೆ ಸ್ವಲ್ಪ ಹೊತ್ತು ಲೋಗೇಶ್‌ನ ವಂಶದ ಬಗ್ಗೆ ಮಾತು ನಡೆಯಿತು.

ಪಿಚ್ಚೈ ಕಣ್ಣು ಬಿಗಿಯಾಗಿ ಮುಚ್ಚಿ ಒಳಗೊಳಗೇ “ಬಾ ನಿದ್ದೆ, ಬಾ” ಎಂದು ಗೋಗರೆಯುತ್ತಿದ್ದ. ನಿದ್ದೆ ಮಾತ್ರ ಬೀದಿ ತುದಿಗೂ ಬಂದಿರಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಅವನಿಗೆ ಬೇರೆ ದಾರಿ ಕಾಣಲಿಲ್ಲ. ಬಾಯಿ ಅರ್ಧ ತೆರೆದು, ಒಂದು ಗೊರಕೆ ಬಿಟ್ಟ.

ಜನ ಹಾ ಎಂದರು. ಇನ್ನೊಂದು ಬಿಟ್ಟ. ಮೂರನೆಯದಕ್ಕೆ ಶಿಳ್ಳೆಯನ್ನೂ ಸೇರಿಸಿದ. ನಾಗಮ್ಮಾಳ್ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಕಾಳಿಯಪ್ಪನ್ ಎದ್ದು, “ನಿದ್ದೆ ಅಂದ್ರೆ ಇದು. ಅವನನ್ನ ಬಿಟ್ಟುಬಿಡಿ,” ಎಂದು ಚಪ್ಪಲಿ ಮೆಟ್ಟಿಕೊಂಡರು. ಇನ್ನೊಂದು ಗಳಿಗೆ ಕಳೆದಿದ್ದರೆ ಎಲ್ಲ ಮುಗಿಯುತ್ತಿತ್ತು. ಅಷ್ಟರಲ್ಲಿ ತಂಗಮ್ಮಾಳ್, ಮಳೆಯಲ್ಲಿ ಒಮ್ಮೆ ಮೋಸಹೋದ ಉರಿಯಲ್ಲಿದ್ದವಳು, ಮೆಲ್ಲಗೆ ಅಂದಳು:

“ಅದ್ಸರಿ, ಪಿಚ್ಚೈ ತೋಟದ ಬಾಗಿಲು ಯಾಕೆ ತೆರೆದೈತೆ? ಆಡೆಲ್ಲ ಒಳಗೋದವು.”

ಪಿಚ್ಚೈ ಜಗಲಿಯಿಂದ ನೆಗೆದು ಓಡಿದ. ಕೆರೆ ಏರಿಯ ತನಕ ಬರಿಗಾಲಲ್ಲಿ ಓಡಿ, ತೋಟದ ಬಾಗಿಲಿಗೆ ಬೀಗ ಹಾಕಿರುವುದನ್ನು ದೂರದಿಂದ ನೋಡಿದಾಗ ಅವನಿಗೆ ತಾನು ಮಲಗಿದ್ದದ್ದು ನೆನಪಾಯಿತು. ಕಾಲೆಳೆಯುತ್ತ ಹಿಂದಿರುಗಿದರೆ ಜಗಲಿಯ ತುಂಬ ನಗು. ಅವನಿಗೆಂದು ಕಾಸಿದ ಗಸಗಸೆ ಹಾಲನ್ನು ಯಾರೋ ಕುಡಿದು ಮುಗಿಸಿದ್ದರು.

“ಮಧ್ಯಾಹ್ನ ಬೇಗ ಬಾ,” ಎಂದಷ್ಟೇ ಹೇಳಿ ಕಾಳಿಯಪ್ಪನ್ ಹೊರಟರು.

ಪಿಚ್ಚೈ ಗೋಡೆಗೊರಗಿ ಕುಸಿದು ಕೂತ. ನಾಗಮ್ಮಾಳ್ ಪಕ್ಕದಲ್ಲಿ ಕೂತು ಅವನ ಅಂಗಾಲಿನ ಮುಳ್ಳು ತೆಗೆದಳು. “ನನ್ನ ಬಾಯಿಂದಲೇ ಇದೆಲ್ಲ ಆಯ್ತು,” ಎಂದಳು. ಅವಳಿಗೆ ನಿಜವಾಗಿಯೂ ಸಂಕಟವಾಗಿತ್ತು. ಎಂಟು ತಿಂಗಳು ಅವನು ಹೊರಳಾಡಿದ ರಾತ್ರಿಯೆಲ್ಲ ಅವಳೂ ಅರ್ಧ ಎದ್ದವಳೇ.

ಊಟದ ಹೊತ್ತಿಗೆ ಲೋಗೇಶ್ ಹತ್ತಿರ ಬಂದು ಪಿಸುಗುಟ್ಟಿದ. “ಮಚ್ಚಾನ್, ಯಾಕೆ ಹೆದರ್ತೀರಾ? ಹೋರಿ ಹತ್ರ ಬಂದಾಗ ಕಬ್ಬನ್ನ ಒಂದು ಚೂರು ಹಿಂದಕ್ಕೆ ಎಳ್ಕೊಳ್ಳಿ, ಸಾಕು. ಅದು ಸಿಟ್ಟು ಮಾಡ್ಕೊಂಡು ಮುಂದಕ್ಕೆ ಹೋಗ್ತದೆ. ಎಲ್ಲಾರೂ ಅದನ್ನೇ ಮಾಡೋದು.”

“ದೊಡ್ಡಪ್ಪ ನೋಡಾಕಿಲ್ವಾ?”

“ಅವರು ವಯಸ್ಸಲ್ಲಿ ಮಾಡಿದ್ದೂ ಅದನ್ನೇ ಅಂತೆ. ಏನಂತ ಕೇಳ್ತಾರೆ? ನೀವು ಆ ಒಂದು ಗಳಿಗೆ ಹುಷಾರಾಗಿದ್ರೆ ಆಯ್ತು.”

ಪಿಚ್ಚೈಗೆ ಹೋದ ಜೀವ ಬಂತು. ಎಂಟು ತಿಂಗಳಿಂದ ಕಣ್ಣು ಮುಚ್ಚದವನಿಗೆ ಒಂದು ಗಳಿಗೆ ಹುಷಾರಾಗಿರುವುದು ಯಾವ ಲೆಕ್ಕ?

ದೊಡ್ಡಿಯ ಹುಣಸೆ ಮರದ ಕೆಳಗೆ ಗಂಡಸರು ಸಾಲಾಗಿ ಕೂತಿದ್ದರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕಬ್ಬು. ಹೆಂಗಸರು ಬೇಲಿಯ ಆಚೆ. ಕಾಳಿಯಪ್ಪನ್ ಹೇಳಿದ ಹಾಗೇ ಪಿಚ್ಚೈನನ್ನು ಬಾಗಿಲ ಎದುರಿಗೆ ಕೂರಿಸಿ, ಬಾಗಿಲು ತೆರೆಸಿದರು. ಪಟ್ಟದ ಹೋರಿ ಹೊರಗೆ ಬಂತು. ಎದುರಿಗಿದ್ದ ಪಿಚ್ಚೈನನ್ನು ಒಮ್ಮೆ ನೋಡಿ, ಅದಕ್ಕೇನನಿಸಿತೋ, ಸಾಲಿನ ಆ ತುದಿಗೆ ನಡೆದು ಅಲ್ಲಿಂದ ಶುರು ಮಾಡಿತು.

ಗಂಡಸರು ಭಕ್ತಿಯಿಂದ ಕಬ್ಬು ಮುಂದೆ ಚಾಚುತ್ತಿದ್ದರು. ಹೋರಿ ಮೂತಿ ತಂದ ಕೂಡಲೇ ಅಷ್ಟೇ ಭಕ್ತಿಯಿಂದ ಹಿಂದಕ್ಕೆಳೆಯುತ್ತಿದ್ದರು. ಹೋರಿ ಬುಸ್ಸೆಂದು ಮುಂದಿನವನ ಹತ್ತಿರ ಹೋಗುತ್ತಿತ್ತು. ಅದಕ್ಕೇನು ಅವಸರವಿರಲಿಲ್ಲ. ಒಬ್ಬೊಬ್ಬರ ಮುಂದೆಯೂ ನಿಂತು, ಬಾಲ ಬೀಸಿ, ಯೋಚನೆ ಮಾಡಿ ಹೋಗುತ್ತಿತ್ತು.

ಪಿಚ್ಚೈ ಕಾದ. ಎಳೆಯುವಾಗ ಕೈ ನಡುಗಿದರೆ? ಎಳೆದರೂ ಹೋರಿ ಕಚ್ಚಿಬಿಟ್ಟರೆ? ಹೆದರಿಕೆಯನ್ನು ತಳ್ಳಿದಷ್ಟೂ ಅದು ಮೇಲೆ ಬಿತ್ತು. ಆಗ ಡಾಕ್ಟರಮ್ಮನ ಮಾತು ನೆನಪಾಯಿತು. ಬೇರೇನೂ ತೋಚದೆ, ತುಟಿಯಲ್ಲೇ ಅಂದ: “ಬಂದ್ಯಾ, ಕೂತ್ಕೊ.”

ಹೆದರಿಕೆ ಕೂತಿತು. ಅದರ ಹಿಂದೆಯೇ ಇನ್ನೊಂದು ಬಂತು, ಇವತ್ತು ರಾತ್ರೀನೂ ನಿದ್ದೆ ಬರದಿದ್ದರೆ ಅನ್ನುವುದು. “ನೀನೂ ಬಂದ್ಯಾ? ಅವನ ಪಕ್ಕ ಕೂತ್ಕೊ. ಬರದೇ ಇದ್ರೆ ಬರದೇ ಇರ್ಲಿ.” ಮುಂದಿನದು, ಊರೆಲ್ಲ ನಗುತ್ತದೆ ಅನ್ನುವುದು. “ಬೆಳಗ್ಗೆಯೇ ನಕ್ಕಾಯ್ತು, ಕೂತ್ಕೊ.” ಎಂಟು ತಿಂಗಳು ಯಾವುದರ ಜೊತೆ ಗುದ್ದಾಡಿದ್ದನೋ ಅದೆಲ್ಲವನ್ನೂ ಪಕ್ಕದಲ್ಲಿ ಸಾಲಾಗಿ ಕೂರಿಸಿದ. ಯಾವುದಕ್ಕೂ ಕಾಪಿ ಕೊಡಲಿಲ್ಲ. ಅವು ಸ್ವಲ್ಪ ಹೊತ್ತು ಕೂತು, ಆಕಳಿಸಿ, ಒಂದೊಂದಾಗಿ ಎದ್ದು ಹೋದವು.

ಬೆಟ್ಟದ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿತ್ತು. ದನಗಳು ಮೆಲುಕು ಹಾಕುವ ಸದ್ದು ಕೇಳುತ್ತಿತ್ತು. ಪಿಚ್ಚೈಗೆ ಎದೆಯೊಳಗೆ ಎಷ್ಟೋ ದಿನದಿಂದ ಕಟ್ಟಿದ್ದ ಗಂಟೊಂದು ಬಿಚ್ಚಿದಂತಾಯಿತು. ಹಾಯೆನಿಸಿತು.

ಮೊದಲು ಅವನಿಗೆ ಕೇಳಿಸಿದ್ದು ಹೆಂಗಸರ ಕುಲವೆ, ನಾಲಗೆ ಹೊರಳಿಸಿ ಹಾಕುವ ಮಂಗಳದ ಕೂಗು. ಕಣ್ಣು ಬಿಟ್ಟ. ಮೈ ಹತ್ತಿಯಷ್ಟು ಹಗುರವಾಗಿತ್ತು, ತಲೆ ತೊಳೆದಿಟ್ಟ ಹಾಗಿತ್ತು. ಒಂದು ಕ್ಷಣ ಏನಾಯಿತೆಂದೇ ತಿಳಿಯಲಿಲ್ಲ. ತಿಳಿದ ಕೂಡಲೇ ಬೇಲಿಯ ಕಡೆ ತಿರುಗಿ, ಊರೆಲ್ಲ ಇದೆ ಅನ್ನುವುದನ್ನೂ ಮರೆತು ಕೂಗಿದ.

“ನಾಗು, ನಿದ್ದೆ ಬಂತು ಕಣೇ! ಚಿಂತೆ ಇಲ್ಲದೋನ ಹಾಗೆ ಸಂತೇಲಿ ಮಲಗಿಬಿಟ್ಟೆ!”

ನಾಗಮ್ಮಾಳ್ ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. ಅವಳು ಅವನ ಕೈ ಕಡೆ ಬೆರಳು ತೋರಿಸಿದಳು. ಕೈ ಒದ್ದೆಯಾಗಿತ್ತು. ಅದರಲ್ಲಿ ಉಳಿದದ್ದು ಗೇಣುದ್ದದ ಕಬ್ಬಿನ ತುಂಡು. ಮಿಕ್ಕಿದ್ದನ್ನೆಲ್ಲ ಪಟ್ಟದ ಹೋರಿ ಅವನ ಎದುರಿಗೇ ನಿಂತು, ಕಣ್ಣು ಅರೆ ಮುಚ್ಚಿಕೊಂಡು, ಕರಕರ ಅಗಿಯುತ್ತಿತ್ತು. ಆ ಸಾಲಿನಲ್ಲೆಲ್ಲ ಅಲುಗಾಡದೆ ಕಬ್ಬು ಹಿಡಿದಿದ್ದ ಕೈ ಅವನದೊಂದೇ.

ಅಷ್ಟರಲ್ಲಿ ಕಾಳಿಯಪ್ಪನ್ ಅವನ ತಲೆಗೆ ದೊಡ್ಡಿಗಾರನ ಕೆಂಪು ವಸ್ತ್ರ ಸುತ್ತತೊಡಗಿದ್ದರು.

“ದೊಡ್ಡಪ್ಪ, ಬೇಡ! ನಂಗೆ ನಿದ್ದೆ ಬತ್ತದೆ. ಇವಾಗ ನಿಜವಾಗ್ಲೂ ಬಂದಿತ್ತು. ಎಲ್ಲಾರೂ ನೋಡವ್ರಲ್ಲ!”

“ನೋಡಿದ್ವಿ,” ಎಂದರು ಕಾಳಿಯಪ್ಪನ್, ಸುತ್ತು ಬಿಗಿ ಮಾಡುತ್ತ. “ಗೊರಕೇನೂ ಕೇಳಿದ್ವಿ. ಬೆಳಗ್ಗೆ ಜಗಲಿ ಮೇಲೂ ಇದೇ ಗೊರಕೆ ಕೇಳಿದ್ವಿ. ಶಿಳ್ಳೆ ಒಂದು ಬಿಟ್ರೆ ಇನ್ನೇನೂ ವ್ಯತ್ಯಾಸ ಇರ್ಲಿಲ್ಲ.”

“ಅದು ಸುಳ್ಳು ದೊಡ್ಡಪ್ಪ, ಇದು ನಿಜ.”

“ನಮ್ಮನ್ನ ಏಮಾರಿಸಬಹುದು ಪಿಚ್ಚೈ. ಹೋರೀನ ಆಗಾಕಿಲ್ಲ.”

ತಂಗಮ್ಮಾಳ್ ಬೇಲಿಯ ಆಚೆಯಿಂದ, “ಆಡು ಬಂದವು ಅಂತ ಇನ್ನೊಂದು ಸಲ ಹೇಳ್ಲಾ?” ಎಂದಳು. ಜನ ನಕ್ಕರು. ಪಿಚ್ಚೈ ನಾಗಮ್ಮಾಳ್ ಮುಖ ನೋಡಿದ. ಅವಳೊಬ್ಬಳು ನಂಬಿದ್ದಳು. ಆದರೆ ನಲ್ಲಿಯ ಹತ್ತಿರ ನಡೆಯುವ ಅವಳ ಮಾತು ದೊಡ್ಡಿಯಲ್ಲಿ ನಡೆಯಲಿಲ್ಲ.

ಸಂಜೆ ದೀಪ ಹಚ್ಚಿದ್ದಾಯಿತು. ಜನ ಎಲೆ ಅಡಿಕೆ ಹಾಕಿಕೊಂಡು ಮನೆಗೆ ಹೋದರು. ಕಾಳಿಯಪ್ಪನ್ ಮಾತ್ರ ಮೊದಲ ದಿನ ಅಲ್ಲವೇ ಎಂದು ಸ್ವಲ್ಪ ದೂರದಲ್ಲಿ ಕೋಲೂರಿಕೊಂಡು ಕಟ್ಟೆಯ ಮೇಲೆ ಕೂತರು. ನಾಗಮ್ಮಾಳ್ ಬುತ್ತಿ ತಂದು, ಪಕ್ಕದಲ್ಲಿ ಕೂತು ಉಣಬಡಿಸಿದಳು.

“ಹೊರಳಾಡೋರು ಯಾರೂ ಇಲ್ಲ, ಇವತ್ತು ನಾನಾದ್ರೂ ನೆಮ್ಮದಿಯಾಗಿ ಮಲಗ್ತೀನಿ,” ಎಂದು ನಗಿಸಲು ನೋಡಿದಳು. ಅವನು ನಗಲಿಲ್ಲ, ಆಕಳಿಸಿದ. ಎಂಟು ತಿಂಗಳಲ್ಲಿ ಅವನು ಆಕಳಿಸಿದ್ದನ್ನು ಅವಳು ನೋಡಿರಲಿಲ್ಲ. ತಲೆಯ ವಸ್ತ್ರವನ್ನು ಒಮ್ಮೆ ಸರಿಮಾಡಿ, ಹಿಂದಿರುಗಿ ನೋಡುತ್ತ ನೋಡುತ್ತ ಹೋದಳು.

ಪಿಚ್ಚೈ ದೀಪದ ಮುಂದೆ ಕೂತ. ರೆಪ್ಪೆಗಳು ಕಲ್ಲು ಕಟ್ಟಿದಂತೆ ಇಳಿಯುತ್ತಿದ್ದವು. ಮುಖಕ್ಕೆ ನೀರು ಹಾಕಿಕೊಂಡ. ಎದ್ದು ದೊಡ್ಡಿಯ ಸುತ್ತ ನಡೆದು ಬಂದ. ಹೆದರಿಕೆಯಾದರೂ ಬಂದು ಎಬ್ಬಿಸಲಿ ಎಂದು, “ಬಾ, ಕೂತ್ಕೊ, ಕಾಪಿ ಬೇಕಾದ್ರೂ ಕೊಡ್ತೀನಿ,” ಎಂದು ಕರೆದ. ಒಂದೂ ಬರಲಿಲ್ಲ.

ಆಗ ಅವನಿಗೊಂದು ಉಪಾಯ ಹೊಳೆಯಿತು. ಎಂಟು ತಿಂಗಳು ತಪ್ಪದೆ ತನ್ನನ್ನು ಎಚ್ಚರವಾಗಿಟ್ಟ ಮದ್ದು ತನ್ನ ಹತ್ತಿರವೇ ಇದೆಯಲ್ಲ. ನೆಟ್ಟಗೆ ಕೂತು, ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ಕಚ್ಚಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ನಿದ್ದೆ ಮಾಡಲು ಪ್ರಯತ್ನಪಟ್ಟ. “ಬಾ ನಿದ್ದೆ, ಬಾ, ಈಗಲೇ ಬಾ.”

ಬಂದೇಬಿಟ್ಟಿತು.

ಬೀದಿ ದೀಪ ಇನ್ನೂ ಹತ್ತಿರಲಿಲ್ಲ. ಕಟ್ಟೆಯ ಮೇಲಿಂದ ಕಾಳಿಯಪ್ಪನ್ ಕೋಲು ನೆಲಕ್ಕೆ ಕುಟ್ಟಿದರು.

“ಏ ಪಿಚ್ಚೈ, ನಾಟಕ ಸಾಕು. ಎದ್ದು ದೀಪಕ್ಕೆ ಎಣ್ಣೆ ಹಾಕು.”